ಪಿಸಿಓಎಸ್ ಇದ್ದು ಎರಡನೇ ಮಗು ಬೇಕೆಂದಾಗ: ಮಾತ್ರೆಯೇ, ಇಂಜೆಕ್ಷನ್ನೇ, ಐವಿಎಫ್ಫೇ?

‘ಮೊದಲನೆಯದು ಆಗಿದೆಯಲ್ಲ, ಎರಡನೆಯದಕ್ಕೇನು ಚಿಂತೆ?’ ಎಂಬ ಮಾತನ್ನು ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಹೊರಬರದೆ ಮುಟ್ಟು ಏರುಪೇರಾಗುವ ತೊಂದರೆ) ಇರುವ ತಾಯಂದಿರು ಮನೆಯಲ್ಲೂ ಕೇಳುತ್ತಾರೆ, ಮದುವೆ ಮುಂಜಿಗಳಲ್ಲೂ ಕೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಒಮ್ಮೆ ಗರ್ಭ ನಿಂತ ಮೈಗೆ ಇನ್ನೊಮ್ಮೆ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಮೂವತ್ತು ದಾಟಿದ ಮೇಲೆ ಕೆಲವರ ಮುಟ್ಟು ಮೊದಲಿಗಿಂತ ಕ್ರಮಕ್ಕೆ ಬರುವುದೂ ಉಂಟು. ಮೊದಲ ಮಗುವಿಗೆ ವರ್ಷಗಟ್ಟಲೆ ಆಸ್ಪತ್ರೆ ಅಲೆದವರು ಎರಡನೆಯದಕ್ಕೆ ಒಂದು ಮಾತ್ರೆಯನ್ನೂ ನುಂಗದೆ ಬಸುರಾಗಿದ್ದಾರೆ. ಉಳಿದರ್ಧವನ್ನು ಮಾತ್ರ ಯಾರೂ ಹೇಳುವುದಿಲ್ಲ. ವಯಸ್ಸು ಮೂರ್ನಾಲ್ಕು ವರ್ಷ ಮುಂದೆ ಹೋಗಿದೆ, ಬಾಣಂತನದ ತೂಕ ಇಳಿದಿಲ್ಲ, ಸಿಸೇರಿಯನ್ ಆಗಿರಬಹುದು, ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡಿರಬಹುದು. ಅಂದಿನ ಚಿಕಿತ್ಸೆ ಇಂದಿಗೂ ಹಾಗೆಯೇ ಹೊಂದುತ್ತದೆ ಎನ್ನಲು ಬರುವುದಿಲ್ಲ.

ಈ ಹಂತದಲ್ಲಿ ಸಲಹೆಗಳು ನಾಲ್ಕು ದಿಕ್ಕಿನಿಂದ ಬರುತ್ತವೆ. ಒಬ್ಬರು ಹತ್ತು ಕಿಲೋ ಇಳಿಸಿಕೊಂಡು ಬಾ ಎನ್ನುತ್ತಾರೆ, ಇನ್ನೊಬ್ಬರು ಕಷಾಯ ಕುಡಿ ಎನ್ನುತ್ತಾರೆ. ಒಬ್ಬ ವೈದ್ಯರು ಮಾತ್ರೆ ಬರೆಯುತ್ತಾರೆ, ಇನ್ನೊಬ್ಬರು ನೇರವಾಗಿ ಐವಿಎಫ್ (ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ ಗರ್ಭಕ್ಕೆ ಬಿಡುವ ಚಿಕಿತ್ಸೆ) ಪ್ಯಾಕೇಜಿನ ಹಾಳೆ ಕೈಗಿಡುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬಹುಪಾಲು ಹೆಂಗಸರು ಶುರುಮಾಡಬೇಕಾದದ್ದು ಲೆಟ್ರೊಜೋಲ್ ಎಂಬ ಅಗ್ಗದ ಒಂದು ಮಾತ್ರೆಯಿಂದ. ಎಲ್ಲರಿಗೂ ಆ ದಾರಿ ಒಗ್ಗುವುದಿಲ್ಲ. ಯಾರಿಗೆ ಒಗ್ಗುವುದಿಲ್ಲ ಎಂದು ತಿಳಿಯಲು ಕೆಲವು ಅಳತೆಗೋಲುಗಳು ಬೇಕು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೇಲಿರುವುದು ವಯಸ್ಸು. ಒಂದು ವರ್ಷ ಪ್ರಯತ್ನಿಸಿ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ಆಮೇಲೆ ವೈದ್ಯರ ಬಳಿ ಹೋಗಿ ಎಂಬ ಮಾತು ಮುಟ್ಟು ಕ್ರಮವಾಗಿರುವವರಿಗೆ. ಎರಡು ಮುಟ್ಟಿನ ನಡುವೆ 35 ದಿನಕ್ಕಿಂತ ಹೆಚ್ಚು ಅಂತರವಿದ್ದರೆ, ಅಥವಾ ವರ್ಷಕ್ಕೆ ಎಂಟು ಮುಟ್ಟೂ ಆಗುತ್ತಿಲ್ಲವಾದರೆ ಕಾಯುವುದರಲ್ಲಿ ಅರ್ಥವಿಲ್ಲ. ಅಂಡಾಣುವೇ ಹೊರಬರದಿದ್ದರೆ ಆ ತಿಂಗಳು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಒಂದು ಬಲೆಯೂ ಇದೆ. ಪಿಸಿಓಎಸ್ ಇರುವವರ ರಕ್ತದಲ್ಲಿ ಎಎಂಎಚ್ ಎಂಬ ಅಂಡಾಶಯದ ಹಾರ್ಮೋನು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆ ಸಂಖ್ಯೆ ನೋಡಿ ‘ಮೊಟ್ಟೆ ಬೇಕಾದಷ್ಟಿವೆ, ಅವಸರವೇನು’ ಎಂದುಕೊಳ್ಳುವವರಿದ್ದಾರೆ. ಎಎಂಎಚ್ ಹೇಳುವುದು ಎಷ್ಟಿವೆ ಎಂದು ಮಾತ್ರ. ಅಂಡಾಣುವಿನ ಗುಣ ಕುಗ್ಗುವುದು ವಯಸ್ಸಿನಿಂದ, ಅದರಲ್ಲಿ ಪಿಸಿಓಎಸ್ ಇದ್ದವರಿಗೆ ರಿಯಾಯಿತಿ ಇಲ್ಲ.

ಎರಡನೆಯದು, ತೊಂದರೆ ಅಂಡಾಣು ಬಿಡುಗಡೆಯದ್ದು ಮಾತ್ರವೇ ಎಂಬುದು. ಮೊದಲ ಹೆರಿಗೆಯ ನಂತರದ ಸೋಂಕು, ಸಿಸೇರಿಯನ್ ಬಳಿಕದ ಅಂಟುವಿಕೆ, ಕ್ಷಯ ಇವುಗಳಿಂದ ಅಂಡನಾಳ ಮುಚ್ಚಿರಬಹುದು; ಅಂಥ ಗುಮಾನಿ ಇದ್ದರೆ ಟ್ಯೂಬ್ ಪರೀಕ್ಷೆ ಬೇಕು. ಇನ್ನು ವೀರ್ಯ ಪರೀಕ್ಷೆ. ‘ನನಗೆ ಆಗಲೇ ಒಂದು ಮಗುವಿದೆ, ನನಗೇಕೆ ಪರೀಕ್ಷೆ?’ ಎನ್ನುವ ಗಂಡಂದಿರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಹೆಂಡತಿ ತಿಂಗಳು ತಿಂಗಳೂ ಸೂಜಿ ಚುಚ್ಚಿಸಿಕೊಳ್ಳಬೇಕು, ತಾನು ಒಂದು ಬಾಟಲಿಯಲ್ಲಿ ಮಾದರಿ ಕೊಡಲಾರೆ ಎಂದರೆ ಯಾವ ನ್ಯಾಯ? ನಾಲ್ಕು ವರ್ಷಗಳಲ್ಲಿ ಗುಟ್ಕಾ, ಸಿಗರೇಟು, ಮಧುಮೇಹ, ಬೊಜ್ಜು ಏನು ಬೇಕಾದರೂ ಬಂದಿರಬಹುದು. ಎರಡರಿಂದ ಏಳು ದಿನ ಸಂಭೋಗವಿಲ್ಲದೆ ಇದ್ದು ಕೊಡುವ ಈ ಪರೀಕ್ಷೆಯ ಖರ್ಚು ಕೆಲವೇ ನೂರು ರೂಪಾಯಿ. ಇದಾಗದೆ ಹೆಂಡತಿಯ ಬಾಯಿಗೆ ಒಂದು ಮಾತ್ರೆಯೂ ಹೋಗಬಾರದು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ, ಇವತ್ತು ಗುಟ್ಕಾ ಬಿಟ್ಟರೆ ಅದರ ಫಲ ವರದಿಯಲ್ಲಿ ಕಾಣುವುದು ಅಷ್ಟು ದಿನ ಕಳೆದ ಮೇಲೆ.

ಮೂರನೆಯದು ಹಿಂದಿನ ಹೆರಿಗೆಯ ಕಥೆ. ಹೆರಿಗೆಯಾಗಿ 24 ತಿಂಗಳಾದರೂ ಕಳೆಯಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಸೇರಿಯನ್ ಆದವರಿಗೆ ಹೊಲಿಗೆ ಗಟ್ಟಿಯಾಗಲು ಒಂದೂವರೆ ಎರಡು ವರ್ಷ ಬೇಕೆಂದು ವೈದ್ಯರೂ ಹೇಳುತ್ತಾರೆ. ಆದರೆ 37 ವಯಸ್ಸಿನವರಿಗೆ ಎರಡು ವರ್ಷ ಎಂಬುದು ತುಟ್ಟಿ, ಅಲ್ಲಿ ಲೆಕ್ಕ ಬೇರೆ. ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಮುಟ್ಟು ನಿಂತಿರುವುದು ಹಾಲಿನಿಂದಲೋ ಪಿಸಿಓಎಸ್‌ನಿಂದಲೋ ಹೇಳುವುದು ಕಷ್ಟ. ಅಂಡಾಣು ಬೆಳೆಸುವ ಮಾತ್ರೆಗಳನ್ನು ಹಾಲೂಡಿಸುವಾಗ ಕೊಡುವುದಿಲ್ಲ. ಹಿಂದೆ ಬಸುರಿನಲ್ಲಿ ಸಕ್ಕರೆ ಬಂದಿದ್ದವರು, ಬಾರದಿದ್ದವರು ಕೂಡ, 75 ಗ್ರಾಂ ಗ್ಲೂಕೋಸ್ ಕುಡಿದು ಮಾಡಿಸುವ ಪರೀಕ್ಷೆಯನ್ನು ಮೊದಲೇ ಮುಗಿಸಿಕೊಳ್ಳಬೇಕು. ಥೈರಾಯ್ಡ್, ರಕ್ತದೊತ್ತಡವನ್ನೂ ಅದೇ ದಿನ ನೋಡಿಸಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಈಗಿನಿಂದಲೇ ಶುರುವಾಗಲಿ. ಮಧುಮೇಹ ಇದ್ದವರಿಗೆ ಇನ್ನೂ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಅದನ್ನು ವೈದ್ಯರು ಬರೆದುಕೊಡಬೇಕು.

ಕೊನೆಯದು ಮನೆ. ಮೊದಲ ಸಲ ಇಬ್ಬರೇ ಇದ್ದಿರಿ, ಬೆಳಿಗ್ಗೆ ಎಂಟಕ್ಕೆ ಸ್ಕ್ಯಾನ್ ಎಂದರೆ ಹೊರಟುಬಿಡುತ್ತಿದ್ದಿರಿ. ಈಗ ಡಬ್ಬಿ ಕಟ್ಟಿ ಮಗುವನ್ನು ಶಾಲೆಗೆ ಬಿಡಬೇಕು, ಇಲ್ಲವೇ ಸ್ಕ್ಯಾನಿಂಗ್ ಕೊಠಡಿಯ ಹೊರಗೆ ಅದನ್ನು ಯಾರ ಕೈಗಾದರೂ ಕೊಡಬೇಕು. ಯಾವ ಚಿಕಿತ್ಸೆ ಎಷ್ಟು ಸಲ ಆಸ್ಪತ್ರೆಗೆ ಕರೆಯುತ್ತದೆ ಎಂಬುದು ಹಣದಷ್ಟೇ ದೊಡ್ಡ ಪ್ರಶ್ನೆ. ಹಣದ ವಿಷಯ ಹೇಳುವುದಾದರೆ, ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ. ಕಚೇರಿಯ ಗುಂಪು ವಿಮೆಯಲ್ಲಿ ಏನಾದರೂ ಇದೆಯೇ ಎಂದು ಒಮ್ಮೆ ಓದಿ ನೋಡಿ. ಅವಳಿ ಗರ್ಭದ ಅಪಾಯವನ್ನೂ ಇದೇ ತಕ್ಕಡಿಯಲ್ಲಿಡಬೇಕು. ಸಿಸೇರಿಯನ್ ಹೊಲಿಗೆಯ ಮೇಲೆ ಅವಳಿ, ಕಾಲ ಬಳಿ ಮೂರು ವರ್ಷದ ಇನ್ನೊಂದು ಮಗು ಎಂಬುದನ್ನು ‘ಒಂದೇ ಖರ್ಚಿನಲ್ಲಿ ಎರಡು’ ಎಂದು ನಗುತ್ತಾ ಹೇಳುವವರು ಬಾಣಂತನ ಮಾಡಲು ಬರುವುದಿಲ್ಲ.

ತೂಕ ಇಳಿಸಿ ಕಾಯುವುದು

ತೂಕ ಹೆಚ್ಚಿರುವವರಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಅಂಡಾಣು ಬಿಡುಗಡೆ ಮರಳಬಹುದು. ಎಪ್ಪತ್ತು ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಹತ್ತು ಕಿಲೋ ಇಳಿಸದೆ ಬರಬೇಡ ಎನ್ನುವವರ ಮಾತಿಗೆ ಅಂಜಬೇಕಾಗಿಲ್ಲ. ಖರ್ಚಿಲ್ಲ, ಅವಳಿಯ ಭಯವಿಲ್ಲ, ಬಸುರಿನ ಸಕ್ಕರೆ ಮತ್ತು ರಕ್ತದೊತ್ತಡದ ಅಪಾಯವೂ ತಗ್ಗುತ್ತದೆ. ಇದರ ಬೆಲೆ ಸಮಯ. ಇಪ್ಪತ್ತೆಂಟರ ಹೆಂಗಸಿಗೆ ಆರು ತಿಂಗಳು ಕೊಡಬಹುದು. ಮೂವತ್ತೇಳರವಳಿಗೆ ಅದೇ ಆರು ತಿಂಗಳು ದುಬಾರಿ, ಅವಳು ನಡಿಗೆಯನ್ನೂ ಮಾತ್ರೆಯನ್ನೂ ಒಟ್ಟಿಗೇ ಶುರುಮಾಡಲಿ. ಭಾರತೀಯರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ದಾಟಿದರೆ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು ಎಂದು ಹಿಡಿಯುತ್ತಾರೆ. ಅದಕ್ಕಿಂತ ತೆಳ್ಳಗಿದ್ದೂ ಪಿಸಿಓಎಸ್ ಇರುವವರು ತುಂಬ ಮಂದಿ ಇದ್ದಾರೆ. ಅವರಿಗೆ ಉಪವಾಸದಿಂದ ಲಾಭವಿಲ್ಲ, ನಷ್ಟವೇ ಹೆಚ್ಚು.

ಮುದ್ದೆಯೋ ಅನ್ನವೋ ಎಂಬ ವಾದದಲ್ಲಿ ನನಗೆ ಆಸಕ್ತಿ ಕಡಿಮೆ. ತಟ್ಟೆಯ ಅರ್ಧ ಪಲ್ಯ ಕೋಸಂಬರಿಗೆ, ಕಾಲು ಭಾಗ ಕಾಳು ಅಥವಾ ಮೊಟ್ಟೆಗೆ ಹೋದರೆ ಉಳಿದ ಕಾಲಿನಲ್ಲಿ ಏನಿದ್ದರೂ ನಡೆಯುತ್ತದೆ. ಮಗು ಬಿಟ್ಟ ಉಪ್ಪಿಟ್ಟನ್ನು ನಿಂತೇ ಮುಗಿಸುವ ಅಭ್ಯಾಸ ಮಾತ್ರ ಯಾವ ಡಯಟ್ ಚಾರ್ಟಿನಲ್ಲೂ ಬರುವುದಿಲ್ಲ, ತೂಕದಲ್ಲಿ ಬರುತ್ತದೆ. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಗಮನಿಸಿ: ಗರ್ಭಕ್ಕೆ ಪ್ರಯತ್ನಿಸುವ ಎರಡು ತಿಂಗಳಾದರೂ ಮೊದಲು ಅದನ್ನು ನಿಲ್ಲಿಸಬೇಕು, ಅಲ್ಲಿಯವರೆಗೆ ಗರ್ಭನಿರೋಧಕ ಬಳಸಬೇಕು.

ಕಾಯುವಾಗ ಔಷಧಿ ಅಂಗಡಿಯ ಅಂಡೋತ್ಪತ್ತಿ ಪಟ್ಟಿಗಳಿಗೆ ದುಡ್ಡು ಸುರಿಯಬೇಡಿ. ಅವು ಅಳೆಯುವ ಎಲ್‌ಎಚ್ ಹಾರ್ಮೋನು ಪಿಸಿಓಎಸ್‌ನಲ್ಲಿ ಮೊದಲೇ ಹೆಚ್ಚಿರಬಹುದಾದ್ದರಿಂದ ಪಟ್ಟಿ ಸುಳ್ಳು ಹೇಳುವುದುಂಟು.

ಮೆಟ್‌ಫಾರ್ಮಿನ್, ಇನೋಸಿಟಾಲ್, ಕಷಾಯ

ಈ ಗುಂಪನ್ನು ಬೇಗ ಮುಗಿಸುತ್ತೇನೆ. ಮೆಟ್‌ಫಾರ್ಮಿನ್ ಮಧುಮೇಹದ ಮಾತ್ರೆ, ಜನೌಷಧಿ ಕೇಂದ್ರದಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಸಕ್ಕರೆಯ ಅಂಚಿನಲ್ಲಿರುವವರಿಗೆ ಉಪಯೋಗವಿದೆ. ಮಗುವಿಗೆಂದು ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. 2007ರಲ್ಲಿ ಅಮೆರಿಕದಲ್ಲಿ 626 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಬರಿಯ ಮೆಟ್‌ಫಾರ್ಮಿನ್ ಪಡೆದವರಲ್ಲಿ ಮಗು ಹುಟ್ಟಿದ್ದು ಶೇಕಡಾ 7.2 ಮಂದಿಗೆ, ಅಂಡಾಣು ಬೆಳೆಸುವ ಹಳೆಯ ಮಾತ್ರೆ ಕ್ಲೊಮಿಫೀನ್ ಪಡೆದವರಲ್ಲಿ ಶೇಕಡಾ 22.5 ಮಂದಿಗೆ. ಹೊಟ್ಟೆ ತೊಳೆಸುವುದು, ಭೇದಿ ಇದರ ಹಳೆಯ ದೂರು; ಊಟದ ಜೊತೆ ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರೆ ತಗ್ಗುತ್ತದೆ. ಪೂರಕವಾಗಿ ಮಾರುವ ಇನೋಸಿಟಾಲ್ ಪುಡಿಯಿಂದ ಹಾನಿ ಕಡಿಮೆ, ಆದರೆ ಮಗು ಹುಟ್ಟುವ ಪ್ರಮಾಣ ಹೆಚ್ಚುತ್ತದೆ ಎನ್ನಲು ಪುರಾವೆ ತೆಳು, ಬೆಲೆ ಮಾತ್ರ ತೆಳುವಲ್ಲ. ಹೆಸರಿಲ್ಲದ ಪುಡಿ ಕಷಾಯಗಳನ್ನು ಅಂಡಾಣು ಮಾತ್ರೆಯ ಜೊತೆ ಗುಟ್ಟಾಗಿ ಸೇವಿಸಬೇಡಿ. ಏನು ತೆಗೆದುಕೊಳ್ಳುತ್ತಿದ್ದೀರಿ ಎಂಬುದು ವೈದ್ಯರಿಗೆ ತಿಳಿದಿರಲಿ.

ಲೆಟ್ರೊಜೋಲ್: ಬಹುಪಾಲಿನವರ ಮೊದಲ ಮೆಟ್ಟಿಲು

ಈ ಮಾತ್ರೆಯ ಡಬ್ಬಿಯೊಳಗಿನ ಚೀಟಿ ಓದಿ ಬೆಚ್ಚಿಬಿದ್ದವರು ಬಹಳ. ಅದರಲ್ಲಿ ಸ್ತನ ಕ್ಯಾನ್ಸರ್ ಎಂದಿರುತ್ತದೆ. ಔಷಧಿ ಮೂಲತಃ ಅದಕ್ಕೇ ಬಂದದ್ದು ನಿಜ. 2011ರಲ್ಲಿ ಕೇಂದ್ರ ಸರ್ಕಾರ ಬಂಜೆತನಕ್ಕೆ ಇದನ್ನು ಬಳಸುವುದನ್ನು ನಿಷೇಧಿಸಿತ್ತು. 2017ರಲ್ಲಿ ಆ ನಿಷೇಧವನ್ನು ತೆಗೆಯಿತು. ಹೀಗಾಗಿ 2015ರ ಸುಮಾರಿಗೆ ಮೊದಲ ಮಗುವಿಗೆ ಚಿಕಿತ್ಸೆ ಪಡೆದವರ ಹಳೆಯ ಫೈಲಿನಲ್ಲಿ ಕ್ಲೊಮಿಫೀನ್ ಇರುವ ಸಾಧ್ಯತೆ ಹೆಚ್ಚು. ‘ಅದೇ ಕೊಡಿ, ಅದರಲ್ಲೇ ಆಗಿದ್ದು’ ಎಂದು ಹಟ ಹಿಡಿಯುವ ಮೊದಲು ಒಂದು ಹೋಲಿಕೆ ನೋಡಿ. 2014ರಲ್ಲಿ ಪ್ರಕಟವಾದ, 750 ಹೆಂಗಸರನ್ನು ಐದು ಋತುಚಕ್ರಗಳವರೆಗೆ ಗಮನಿಸಿದ ಅಧ್ಯಯನದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇಕಡಾ 27.5, ಕ್ಲೊಮಿಫೀನ್ ಪಡೆದವರಲ್ಲಿ ಶೇಕಡಾ 19.1 ಮಂದಿಗೆ ಮಗು ಹುಟ್ಟಿತು. ಕ್ಲೊಮಿಫೀನ್ ಗರ್ಭಕೋಶದ ಒಳಪದರವನ್ನು ತೆಳುವಾಗಿಸಬಲ್ಲದು. ಅಂಡಾಣು ಬಂದರೂ ಗರ್ಭ ನಿಲ್ಲದಿರಲು ಅದೂ ಒಂದು ಕಾರಣ. 2018ರ ಮತ್ತು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಗಳೆರಡೂ ಲೆಟ್ರೊಜೋಲ್‌ಗೇ ಮೊದಲ ಸ್ಥಾನ ಕೊಟ್ಟಿವೆ.

ನಡೆಯುವುದು ಹೀಗೆ. ಮುಟ್ಟು ಬಾರದಿದ್ದರೆ ಮೊದಲು ಮೂತ್ರದಲ್ಲಿ ಗರ್ಭ ಪರೀಕ್ಷೆ; ಪಿಸಿಓಎಸ್‌ನವರಿಗೆ ‘ಎಂದಿನಂತೆ ತಡ’ ಎಂದುಕೊಂಡದ್ದು ಬಸುರೇ ಆಗಿರಬಹುದು. ಇಲ್ಲವೆಂದಾದರೆ ಮುಟ್ಟು ತರಿಸುವ ಮಾತ್ರೆ. ಎರಡು ಅಥವಾ ಮೂರನೇ ದಿನದಿಂದ ಐದು ದಿನ ಲೆಟ್ರೊಜೋಲ್, 2.5 ಮಿಲಿಗ್ರಾಂನಿಂದ ಆರಂಭ. ಒಂಬತ್ತು ಹತ್ತನೇ ದಿನದಿಂದ ಎರಡು ಮೂರು ಸಲ ಸ್ಕ್ಯಾನ್. ಚೀಟಿಯಲ್ಲಿ ಬಲಕ್ಕೆ 12, ಎರಡು ದಿನ ಬಿಟ್ಟು 15, ಆಮೇಲೆ 18 ಮಿಲಿಮೀಟರ್ ಎಂದು ಕೋಶಕ, ಅಂದರೆ ಅಂಡಾಣುವನ್ನು ಹೊತ್ತ ಗುಳ್ಳೆ, ಬೆಳೆಯುವುದನ್ನು ಬರೆದುಕೊಡುತ್ತಾರೆ. ಬೆಳೆಯದಿದ್ದರೆ ಮುಂದಿನ ಸಲ 5, ಆಮೇಲೆ 7.5 ಮಿಲಿಗ್ರಾಂ. ಬೆಳೆದು ಒಡೆದಿದ್ದೂ ಗರ್ಭ ನಿಲ್ಲಲಿಲ್ಲವೆಂದರೆ ಪ್ರಮಾಣ ಏರಿಸುವುದರಲ್ಲಿ ಅರ್ಥವಿಲ್ಲ, ಅದೇ ಪ್ರಮಾಣವನ್ನು ಮುಂದುವರಿಸಬೇಕು. ಇದು ಬಹಳ ಜನ ಕೇಳದ ಪ್ರಶ್ನೆ: ‘ಈ ತಿಂಗಳು ಅಂಡಾಣು ಬಿಡುಗಡೆ ಆಯಿತೇ, ಇಲ್ಲವೇ?’ ಆಗಿಯೂ ಬಸುರಾಗದೆ ಆರು ಚಕ್ರ ಕಳೆದರೆ ದಾರಿ ಬದಲಿಸುವ ಸಮಯ. ಗರಿಷ್ಠ ಪ್ರಮಾಣದಲ್ಲೂ ಅಂಡಾಣು ಬರಲಿಲ್ಲವಾದರೆ ಆರರವರೆಗೂ ಕಾಯಬೇಕಾಗಿಲ್ಲ.

ಮಾತ್ರೆಯ ಖರ್ಚು ನೂರರ ಲೆಕ್ಕ, ಸ್ಕ್ಯಾನ್ ಸೇರಿದರೆ ತಿಂಗಳಿಗೆ ಕೆಲವು ಸಾವಿರ. ಅವಳಿಯ ಸಾಧ್ಯತೆ ಕಡಿಮೆ. ತಾಲ್ಲೂಕು ಕೇಂದ್ರದ ಸ್ತ್ರೀರೋಗ ತಜ್ಞರಲ್ಲೇ ಆಗುವ ಚಿಕಿತ್ಸೆ ಇದು, ಬೆಂಗಳೂರಿಗೋ ಮಂಗಳೂರಿಗೋ ಓಡಬೇಕಾಗಿಲ್ಲ. ಚಿಕ್ಕ ಮಗುವಿರುವ ಮನೆಗೆ ಅದೇ ದೊಡ್ಡ ಅನುಕೂಲ.

ಇಂಜೆಕ್ಷನ್, ಐಯುಐ, ಶಸ್ತ್ರಕ್ರಿಯೆ

ಮಾತ್ರೆಗೆ ಬಗ್ಗದ ಅಂಡಾಶಯಕ್ಕೆ ಅದನ್ನು ನೇರವಾಗಿ ಪ್ರಚೋದಿಸುವ ಹಾರ್ಮೋನಾದ ಗೊನಾಡೋಟ್ರೋಪಿನ್ ಇಂಜೆಕ್ಷನ್. ಪಿಸಿಓಎಸ್ ಅಂಡಾಶಯದ ಸ್ವಭಾವವೆಂದರೆ ಸ್ವಲ್ಪಕ್ಕೆ ಏಳುವುದಿಲ್ಲ, ಎದ್ದರೆ ಹತ್ತಾರು ಕೋಶಕ ಒಟ್ಟಿಗೆ ಏಳುತ್ತವೆ. ಆದ್ದರಿಂದ ಕಡಿಮೆ ಪ್ರಮಾಣದಿಂದ ನಿಧಾನವಾಗಿ ಏರಿಸುವ, ಎರಡಕ್ಕಿಂತ ಹೆಚ್ಚು ಕೋಶಕ ಬಲಿತರೆ ಆ ತಿಂಗಳನ್ನೇ ಕೈಬಿಡುವ ಧೈರ್ಯವಿರುವ ವೈದ್ಯರು ಬೇಕು. ಸ್ಕ್ಯಾನ್ ಹೆಚ್ಚು, ಖರ್ಚು ತಿಂಗಳಿಗೆ ಹತ್ತಾರು ಸಾವಿರ, ಅವಳಿ ತ್ರಿವಳಿಯ ಅಪಾಯ ಮಾತ್ರೆಗಿಂತ ಹೆಚ್ಚು.

ಐಯುಐಯನ್ನು (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಇದರ ಜೊತೆ ಸೇರಿಸಿಯೇ ಮಾರುತ್ತಾರೆ. ವೀರ್ಯಾಣು ಸ್ವಲ್ಪ ಕಡಿಮೆಯಿದ್ದರೆ, ಅಥವಾ ಸಂಭೋಗಕ್ಕೆ ತೊಂದರೆಯಿದ್ದರೆ, ಗಂಡ ದುಬೈಯಲ್ಲೋ ಹಡಗಿನಲ್ಲೋ ಇದ್ದು ವೀರ್ಯವನ್ನು ಶೀತಲೀಕರಿಸಿ ಇಡಬೇಕಾದರೆ ಅದಕ್ಕೆ ಅರ್ಥವಿದೆ. ಗಂಡನ ವರದಿ ಚೆನ್ನಾಗಿದ್ದು, ತೊಂದರೆ ಅಂಡಾಣುವಿನದ್ದೇ ಆದರೆ, ಮನೆಯಲ್ಲಿ ಉಚಿತವಾಗಿ ಆಗುವ ಕೆಲಸಕ್ಕೆ ಹಣ ಕೊಟ್ಟಂತೆ.

ಲ್ಯಾಪರೋಸ್ಕೋಪಿಯಲ್ಲಿ ಅಂಡಾಶಯಕ್ಕೆ ಸಣ್ಣ ರಂಧ್ರಗಳನ್ನು ಸುಡುವ ಶಸ್ತ್ರಕ್ರಿಯೆಯೂ ಇದೆ. ಒಮ್ಮೆ ಮಾಡಿದರೆ ಅಂಡಾಣು ತಾನಾಗಿ ಬರಬಹುದು, ಅವಳಿಯ ಭಯವಿಲ್ಲ, ಪದೇ ಪದೇ ಸ್ಕ್ಯಾನಿಗೆ ಬರಲಾಗದ ದೂರದ ಊರಿನವರಿಗೆ ಅನುಕೂಲ. ಅರಿವಳಿಕೆ, ಅಂಟುವಿಕೆ, ಅಂಡಾಣುಗಳ ದಾಸ್ತಾನು ಕುಗ್ಗುವುದು ಎದುರಿನ ತಟ್ಟೆಯಲ್ಲಿವೆ. ಬೇರೆ ಕಾರಣಕ್ಕೆ ಲ್ಯಾಪರೋಸ್ಕೋಪಿ ಆಗಲೇಬೇಕಿದ್ದರೆ ಯೋಚಿಸಬಹುದು. ಇದಕ್ಕಾಗಿಯೇ ಮೇಜಿನ ಮೇಲೆ ಮಲಗಲು ನಾನು ಯಾರಿಗೂ ಬೇಗ ಹೇಳುವುದಿಲ್ಲ.

ಐವಿಎಫ್: ಯಾರಿಗೆ ಮೊದಲು, ಯಾರಿಗೆ ಕೊನೆಗೆ

ಎರಡೂ ನಾಳ ಮುಚ್ಚಿದ್ದರೆ, ವೀರ್ಯಾಣು ತೀರ ಕಡಿಮೆಯಿದ್ದರೆ, ವಯಸ್ಸು 38-39 ದಾಟಿದ್ದರೆ ಮೆಟ್ಟಿಲು ಹತ್ತುತ್ತಾ ಕೂರದೆ ನೇರ ಇಲ್ಲಿಗೆ ಬರುವುದೇ ಜಾಣತನ. ಉಳಿದವರಿಗೆ ಇದು ಕೊನೆಯ ದಾರಿ. ಖರ್ಚು ಲಕ್ಷದ ಲೆಕ್ಕ, ಒಂದೇ ಸಲಕ್ಕೆ ಕೈಗೂಡುತ್ತದೆಂಬ ಭರವಸೆ ಯಾರೂ ಕೊಡಲಾರರು.

ಪಿಸಿಓಎಸ್‌ನವರಿಗೆ ಇಲ್ಲಿ ವಿಶೇಷ ಅಪಾಯವೊಂದಿದೆ. ಔಷಧಿಗೆ ಅಂಡಾಶಯ ಅತಿಯಾಗಿ ಸ್ಪಂದಿಸಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಬಹುದು. ಹೊಟ್ಟೆ ಬಿಗಿಯುವುದು, ಉಸಿರು ಕಟ್ಟುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗುವವರೆಗೂ ಕಾಯಬಾರದು. ಇದನ್ನು ತಪ್ಪಿಸಲು ಭ್ರೂಣಗಳನ್ನೆಲ್ಲ ಶೀತಲೀಕರಿಸಿ, ಅಂಡಾಶಯ ಶಾಂತವಾದ ಮೇಲೆ ಗರ್ಭಕ್ಕೆ ಬಿಡುವ ಕ್ರಮವಿದೆ. ಚೀನಾದಲ್ಲಿ ಪಿಸಿಓಎಸ್ ಇದ್ದ 1508 ಹೆಂಗಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಜಾ ಭ್ರೂಣ ಬಿಟ್ಟವರಲ್ಲಿ ಶೇಕಡಾ 42 ಮಂದಿಗೆ, ಶೀತಲೀಕರಿಸಿ ಬಿಟ್ಟವರಲ್ಲಿ ಶೇಕಡಾ 49.3 ಮಂದಿಗೆ ಮಗು ಹುಟ್ಟಿತು. ಅಂಡಾಶಯ ಊದುವ ತೊಂದರೆ ಶೇಕಡಾ 7.1ರಿಂದ 1.3ಕ್ಕೆ ಇಳಿಯಿತು. ‘ನನಗೆ ಶೀತಲೀಕರಣ ಮಾಡುತ್ತೀರಾ, ಒಂದೇ ಭ್ರೂಣ ಬಿಡುತ್ತೀರಾ?’ ಎಂದು ಬಾಯಿಬಿಟ್ಟು ಕೇಳಿ. ಸಿಸೇರಿಯನ್ ಆದವರು ಎರಡನೇ ಪ್ರಶ್ನೆಯನ್ನು ಬಿಡಲೇಬಾರದು.

ಮೊದಲ ಮಗುವೂ ಐವಿಎಫ್‌ನಿಂದ ಆಗಿದ್ದು, ಭ್ರೂಣಗಳು ಉಳಿದಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮೂವತ್ತರಲ್ಲಿ ಇಟ್ಟ ಭ್ರೂಣಕ್ಕೆ ಇಂದಿಗೂ ಮೂವತ್ತರ ಅಂಡಾಣುವಿನ ಗುಣವೇ. ಹೊಸ ಇಂಜೆಕ್ಷನ್ ಇಲ್ಲ, ಅಂಡಾಣು ತೆಗೆಯುವುದಿಲ್ಲ, ಖರ್ಚು ಪೂರ್ತಿ ಐವಿಎಫ್‌ಗಿಂತ ಬಹಳ ಕಡಿಮೆ. ವಯಸ್ಸಾಗಿದ್ದರೆ ಇದೇ ಮೊದಲ ಆಯ್ಕೆ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ಚಿಕಿತ್ಸೆಯ) ಕಾಯ್ದೆಯ ಪ್ರಕಾರ ಭ್ರೂಣಗಳನ್ನು ಹತ್ತು ವರ್ಷ ಇಡಬಹುದು, ಹೆಣ್ಣಿಗೆ 50, ಗಂಡಿಗೆ 55ರವರೆಗೆ ಚಿಕಿತ್ಸೆಗೆ ಅವಕಾಶವಿದೆ. ಕ್ಲಿನಿಕ್ ಈ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿ. ಯಶಸ್ಸಿನ ಪ್ರಮಾಣ ಕೇಳುವಾಗ ನಿಮ್ಮ ವಯಸ್ಸಿನವರಲ್ಲಿ ಎಷ್ಟು ಮಗು ಹುಟ್ಟಿವೆ ಎಂದೇ ಕೇಳಬೇಕು. ಪರೀಕ್ಷೆ ಪಾಸಿಟಿವ್ ಬಂದವರ ಸಂಖ್ಯೆ ಯಾವಾಗಲೂ ದೊಡ್ಡದಾಗಿಯೇ ಇರುತ್ತದೆ.

ಎರಡನೇ ಮಗುವಿನ ವಿಷಯದಲ್ಲಿ ಕಾನೂನು ಇನ್ನೆರಡು ಬಾಗಿಲು ಮುಚ್ಚಿದೆ. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂದು ಲೆಕ್ಕ ಹಾಕಿ ಐವಿಎಫ್‌ನಲ್ಲಿ ಗಂಡು ಭ್ರೂಣ ಆರಿಸಿಕೊಡಿ ಎಂದು ಕೇಳುವುದು 1994ರ ಪಿಸಿಪಿಎನ್‌ಡಿಟಿ (ಭ್ರೂಣದ ಲಿಂಗ ಆಯ್ಕೆ, ಪತ್ತೆಗೆ ತಡೆ) ಕಾಯ್ದೆಯಡಿ ಅಪರಾಧ. ಬಾಡಿಗೆ ತಾಯ್ತನವೂ ಮಗುವಿರುವ ದಂಪತಿಗೆ ಸಿಗುವುದಿಲ್ಲ. ಇರುವ ಮಗುವಿಗೆ ಅಂಗವೈಕಲ್ಯ ಅಥವಾ ಜೀವಕ್ಕೆ ಕುತ್ತು ತರುವ ಕಾಯಿಲೆ ಇದ್ದರೆ ಮಾತ್ರ ವಿನಾಯಿತಿ.

ನೀವು ಎಲ್ಲಿ ನಿಲ್ಲುತ್ತೀರಿ

ವಯಸ್ಸು ಮೂವತ್ತೆರಡರ ಒಳಗೆ, ತೂಕ ಹೆಚ್ಚು, ಮಗುವಿಗೆ ಎರಡು ತುಂಬಿಲ್ಲ, ಕೈಯಲ್ಲಿ ಹಣ ಕಡಿಮೆ: ತೂಕ ಮತ್ತು ಸಕ್ಕರೆಗೆ ಆರು ತಿಂಗಳು ಕೊಟ್ಟು, ಆಮೇಲೆ ಲೆಟ್ರೊಜೋಲ್. ವಯಸ್ಸು ಅಷ್ಟೇ, ಮೈ ತೆಳ್ಳಗೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ: ಕಾಯದೆ ಲೆಟ್ರೊಜೋಲ್. ಮೂವತ್ತೈದು ದಾಟಿದವರು ವೀರ್ಯ ಮತ್ತು ಟ್ಯೂಬ್ ಪರೀಕ್ಷೆಯನ್ನು ಮೊದಲ ತಿಂಗಳೇ ಮುಗಿಸಿ, ಮೂರು ನಾಲ್ಕು ಚಕ್ರ ಮಾತ್ರೆ ನೋಡಿ, ಆಗದಿದ್ದರೆ ಇಂಜೆಕ್ಷನ್ ಮೆಟ್ಟಿಲನ್ನು ಹಾರಿ ಐವಿಎಫ್‌ಗೆ ಹೋದರೂ ತಪ್ಪಿಲ್ಲ. ಮಾತ್ರೆಗೆ ಅಂಡಾಣು ಬಾರದ ಮೂವತ್ತರವರಿಗೆ, ಹತ್ತಿರದಲ್ಲಿ ಒಳ್ಳೆಯ ಸ್ಕ್ಯಾನ್ ಸೌಲಭ್ಯವಿದ್ದರೆ ಇಂಜೆಕ್ಷನ್.

ಶುರುಮಾಡುವ ಮೊದಲೇ ಗಂಡ ಹೆಂಡತಿ ಕೂತು ಎಷ್ಟು ಚಕ್ರ, ಎಷ್ಟು ಹಣ ಎಂಬ ಗೆರೆ ಎಳೆದುಕೊಳ್ಳಿ. ದೊಡ್ಡ ಮಗುವಿನ ಶಾಲೆಯ ಹಣಕ್ಕೆ ಕೈಹಾಕುವುದು ಆ ಗೆರೆಯ ಆಚೆಗಿರಲಿ. ಗೆರೆ ಮುಟ್ಟಿದ ಮೇಲೆ ದತ್ತು ಒಂದು ದಾರಿ. ಅದಕ್ಕೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ ಮೂಲಕ ನೋಂದಾಯಿಸಬೇಕು, ಕಾಯುವುದು ವರ್ಷಗಳ ಮಾತು. ಒಂದೇ ಸಾಕು ಎಂದು ನಿಲ್ಲುವುದೂ ಅಷ್ಟೇ ಮರ್ಯಾದೆಯ ದಾರಿ. ಆದರೆ ಪ್ರಯತ್ನ ನಿಲ್ಲಿಸಿದೆವೆಂದು ಮುಟ್ಟಿನ ಲೆಕ್ಕ ಬಿಡಬೇಡಿ. ಮೂರು ತಿಂಗಳು ದಾಟಿಯೂ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ಅಂಥವರು ಮಗು ಬೇಡವಾದರೂ ಮುಟ್ಟು ತರಿಸುವ ಮಾತ್ರೆಗಾಗಿ ಅದೇ ವೈದ್ಯರ ಬಳಿ ಹೋಗಬೇಕಾಗುತ್ತದೆ.